ಹೊಳೆಯ ಸಪ್ಪಳ ಕಟ್ಟಿದ್ದು

ರೋಣದ ಮಾರ್ಕೆಟ್ಟಿನಲ್ಲಿ ನಮ್ಮದು ಕಾಳುಕಡಿಯ ಅಡತಿ ಅಂಗಡಿ. ಅಜ್ಜನ ಕಾಲದಿಂದ ನಡೆದುಕೊಂಡು ಬಂದದ್ದು, ಈಗ ಅಣ್ಣನೂ ನಾನೂ ನೋಡಿಕೊಳ್ಳುತ್ತೇವೆ. ಹೆಸರುಕಾಳಿನ ಸುಗ್ಗಿ ಮುಗಿಯಿತೆಂದರೆ ಹತ್ತಿ, ಹತ್ತಿ ಮುಗಿಯಿತೆಂದರೆ ಕಡಲೆ, ಹೀಗೆ ವರ್ಷ ಉರುಳುವ ಮನೆಯಲ್ಲಿ ನನಗೊಬ್ಬನಿಗೆ ಚಿಕ್ಕಂದಿನಿಂದ ಪೇಟಿಯ, ಅಂದರೆ ಹಾರ್ಮೋನಿಯಂನ ಹುಚ್ಚು. ಭಜನೆಗೆ, ಪುರಾಣಕ್ಕೆ ಪೇಟಿ ನುಡಿಸಲು ಯಾರು ಕರೆದರೂ ಹೋಗುತ್ತಿದ್ದೆ. ಅಷ್ಟರಲ್ಲೇ ಖುಷಿಯಾಗಿದ್ದೆ ಕೂಡ. ನಲವತ್ತು ದಾಟಿದ ಮೇಲೆ ಸ್ವರವೇ ಇಲ್ಲದ ಸಪ್ಪಳಗಳ ಬೆನ್ನು ಹತ್ತುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅದಕ್ಕೆ ಕಾರಣರಾದವರು ನರಗುಂದದ ಒಬ್ಬ ಮಾಸ್ತರರು. ಅಲ್ಲಿ ನಮ್ಮ ಬೀಗರ ಹೊಸ ಮನೆಯ ವಾಸ್ತುಶಾಂತಿ ಇತ್ತು. ಸಂಜೆ ಭಜನೆಗೆ ಕೂತರೆ ಪೇಟಿಯ ಒಂದು ಪಟ್ಟಿ ಒತ್ತಿದ್ದು ಮೇಲೇಳಲೊಲ್ಲದು. ಗುಡ್ಡದ ಬುಡದ ಓಣಿಯಲ್ಲಿ ನಾಟಕ ಕಂಪನಿಯ ಮಾಸ್ತರರೊಬ್ಬರಿದ್ದಾರೆ, ಅವರ ಕಡೆ ಒಯ್ಯಿರಿ ಎಂದರು ಯಾರೋ. ಪೇಟಿಯನ್ನು ಹೆಗಲ ಮೇಲಿಟ್ಟುಕೊಂಡು ಹೋದೆ. ಬಿಳಿ ಪಂಚೆ, ತೋಳಿನ ಬನಿಯನ್, ಮೂಗಿನ ತುದಿಗೆ ಇಳಿದ ಕನ್ನಡಕ. ನನ್ನ ಕೈಯಿಂದ ಪೇಟಿ ಇಸಿದುಕೊಂಡವರೇ ಬಿಚ್ಚಿ, ಊದಿ, ಒಂದು ಸಣ್ಣ ತಂತಿಯನ್ನು ಬಗ್ಗಿಸಿ ಮತ್ತೆ ಮುಚ್ಚಿದರು. ಅವರು ಹಾಗೆ ಮಾಡುತ್ತಿದ್ದಾಗ ಮೂಲೆಯ ಮೇಜಿನ ಮೇಲೆ ನನ್ನ ಕಣ್ಣು ಹೋಯಿತು. ಎರಡೂ ಬದಿಗೆ ಕಟ್ಟಿಗೆ, ನಡುವೆ ಕರಿಯ ಹಲಗೆಯ ತುಂಬ ತಿರುವುವ ನಾಬುಗಳು, ಕೆಳಗೆ ಪೇಟಿಯಂಥವೇ ಕರಿ ಬಿಳಿ ಪಟ್ಟಿಗಳು. ಹಳೇ ಕಾಲದ ಕೀಬೋರ್ಡ್ ಇರಬೇಕು ಎಂದುಕೊಂಡು, ಇದರಲ್ಲಿ ಎಷ್ಟು ವಾದ್ಯ ಬರುತ್ತವೆ ಎಂದು ಕೇಳಿದೆ.

"ಇದರಾಗ ಏನೂ ಇಲ್ಲ ತಮ್ಮಾ. ಬೇಕಾದ್ದನ್ನ ನಾವ ಮಾಡ್ಕೋಬೇಕು" ಎಂದರು.

ಹಾಗೆಂದು ಸ್ವಿಚ್ ಹಾಕಿದರು. ಅದು ಬಿಸಿಯಾಗಲು ಸ್ವಲ್ಪ ಹೊತ್ತು ಬಿಟ್ಟು ಒಂದು ನಾಬು ತಿರುವಿದರು. ರೇಡಿಯೋದ ಸ್ಟೇಷನ್ ತಪ್ಪಿದಾಗ ಬರುವಂಥ ಬರೀ ಭರ್ರೋ ಎನ್ನುವ ಸಪ್ಪಳ. ಇನ್ನೊಂದನ್ನು ಹಿಡಿದು ನಿಧಾನ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಕೋಣೆಯಲ್ಲಿ ಗಾಳಿ ಎದ್ದಿತು. ಬರೀ ಗಾಳಿಯಲ್ಲ, ಒಣಗಿದ ಗರಿಗಳ ಮೇಲೆ ಹಾಯ್ದು ಹೋಗುವ ಗಾಳಿ. ಇದು ಕಟಾವಿಗೆ ಬಂದ ಜೋಳದ ಹೊಲ ಎಂದೆ. ಮಾಸ್ತರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನ್ನ ಪೇಟಿ ರಿಪೇರಿಯಾಗಿತ್ತು, ಬೀಗರ ಮನೆಯಲ್ಲಿ ಭಜನೆಯವರು ಕಾಯುತ್ತಿದ್ದರು, ನಾನು ಮಾತ್ರ ಅಲ್ಲಿಂದ ಏಳಲಿಲ್ಲ.

ಮಾಸ್ತರರು ಹರೆಯದಲ್ಲೇ ಮನೆ ಬಿಟ್ಟು ನಾಟಕ ಕಂಪನಿ ಸೇರಿದವರು. ಮೊದಲು ಪೇಟಿ ನುಡಿಸಿದರು, ಆಮೇಲೆ ರಂಗದ ಮೇಲೆ ಬೇಕಾಗುವ ಗುಡುಗು, ಕುದುರೆ, ಬೆಂಕಿ, ದೆವ್ವ ಎಲ್ಲದರ ಸಪ್ಪಳವೂ ಅವರ ಪಾಲಿಗೆ ಬಂತು. ಕಂಪನಿಯ ಮಾಲಕರು ಯಾವುದೋ ಹುಕಿಯಲ್ಲಿ ಮುಂಬಯಿಯಿಂದ ಸಿಂಥಸೈಸರ್ ಎನ್ನುವ ಈ ಸಪ್ಪಳ ಕಟ್ಟುವ ಯಂತ್ರವನ್ನು ತರಿಸಿದ್ದರಂತೆ. ಇಡೀ ಕಂಪನಿಯಲ್ಲಿ ಅದನ್ನು ಮಾತಾಡಿಸಲು ಬರುತ್ತಿದ್ದುದು ಇವರಿಗೊಬ್ಬರಿಗೇ. ಆದ್ದರಿಂದ ಕಂಪನಿ ಮುಚ್ಚಿದಾಗ ಅದು ಇವರ ಜೊತೆಗೇ ನರಗುಂದಕ್ಕೆ ಬಂತು. ಈಗ ಮಗಳ ಮನೆಯಲ್ಲಿ ಇಬ್ಬರೂ, ಅಂದರೆ ಮಾಸ್ತರರೂ ಯಂತ್ರವೂ, ಒಂದೇ ಕೋಣೆಯಲ್ಲಿ ಇದ್ದರು.

ಮುಂದಿನ ರವಿವಾರ ಮತ್ತೆ ಹೋದೆ. ಆಮೇಲೆ ರವಿವಾರ ಬಂತೆಂದರೆ ನಾನು ನರಗುಂದದ ಬಸ್ಸಿನಲ್ಲಿ ಇರುತ್ತಿದ್ದೆ.

ಕಲಿಸುವ ರೀತಿ ಅವರದೇ. ಮೊದಲ ಕೆಲವು ವಾರ ಪಟ್ಟಿ ಮುಟ್ಟಲು ಬಿಡಲಿಲ್ಲ. ಒಂದೇ ಒಂದು ಒರಟು ಸ್ವರವನ್ನು ಹಚ್ಚಿಟ್ಟು, ಅದರಲ್ಲಿ ಏನೇನು ಕೇಳುತ್ತದೆ ಹೇಳು ಎನ್ನುತ್ತಿದ್ದರು. ನನಗೆ ಹಲ್ಲು ಜುಮ್ಮೆನ್ನುವುದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಆಮೇಲೆ ಫಿಲ್ಟರ್ ಅನ್ನುವ ನಾಬನ್ನು ತೋರಿಸಿದರು. "ನೀ ಕಾಳಿನ ವ್ಯಾಪಾರದಾಂವ, ನಿನಗ ಸಾಣಿಗಿ ಏನಂತ ಹೇಳಬೇಕೇನು? ಇದು ಸಾಣಿಗಿ" ಎಂದರು. ಒರಟು ಸ್ವರದಲ್ಲಿ ದಪ್ಪ, ಸಣ್ಣ, ಚೂಪು ಎಲ್ಲ ಕಲೆತಿರುತ್ತವೆ. ಸಾಣಿಗೆ ಹಿಡಿದಾಗ ಬೇಕಾದದ್ದು ಕೆಳಗೆ ಬೀಳುತ್ತದೆ, ಬೇಡದ್ದು ಮೇಲೆ ಉಳಿಯುತ್ತದೆ. ಅವರು ನಿಧಾನ ತಿರುವುತ್ತಾ ಹೋದಂತೆ ಮೇಲಿನ ಚೂಪೆಲ್ಲ ಒಂದೊಂದಾಗಿ ಸೋಸಿಹೋಗಿ ಕೊನೆಗೆ ಹೊಟ್ಟೆಯಲ್ಲಿ ಗುಂಯ್ ಎನ್ನುವ ಒಂದು ದುಂಡನೆಯ ಸದ್ದು ಉಳಿಯಿತು. ಅಂದು ಬಸ್ಸಿನಲ್ಲಿ ಬರುವಾಗ ಇಂಜಿನ್ನಿನ ಸದ್ದನ್ನು ಮನಸ್ಸಿನಲ್ಲೇ ಸೋಸುತ್ತಾ ಕೂತು, ಕಂಡಕ್ಟರ್ ಟಿಕೆಟ್ ಕೇಳಿದ್ದು ಗೊತ್ತಾಗಲಿಲ್ಲ.

ಸಪ್ಪಳ ಹುಟ್ಟುವ, ಸಾಯುವ ಪಾಠವನ್ನು ಅವರು ಅಡುಗೆಮನೆಯಿಂದ ತೆಗೆದರು. ಒಳಗೆ ಅವರ ಮಗಳು ರೊಟ್ಟಿ ಬಡಿಯುತ್ತಿದ್ದರು. ಕೇಳು, ಬಡಿತ ಎಷ್ಟು ಲಗೂ ಹುಟ್ಟುತ್ತದೆ, ಎಷ್ಟು ಲಗೂ ಸಾಯುತ್ತದೆ ಎಂದರು. ಅದೇ ದೇವರ ಗುಡಿಯ ಗಂಟೆ ಹುಟ್ಟುವುದು ರೊಟ್ಟಿಯಷ್ಟೇ ಬೇಗ, ಸಾಯಲು ಮಾತ್ರ ಎಷ್ಟೋ ಹೊತ್ತು ಬೇಕು. ಗಾಳಿಗೆ ಹುಟ್ಟುವುದಕ್ಕೇ ಅವಸರವಿಲ್ಲ. ಇದನ್ನೆಲ್ಲ ಯಂತ್ರಕ್ಕೆ ತಿಳಿಸಲು ನಾಲ್ಕು ನಾಬುಗಳಿದ್ದವು. ಅವುಗಳ ಜೊತೆ ಗುದ್ದಾಡಿ ನಾನು ಮೊಟ್ಟಮೊದಲು ಮಾಡಿದ್ದು ಎತ್ತಿನ ಕೊರಳ ಗಂಟೆ. ಅದು ಕೊರಳ ಗಂಟೆಯಂತೆ ಕೇಳದೆ ಸ್ಟೀಲಿನ ತಾಟು ಮೆಟ್ಟಿಲಿಳಿದಂತೆ ಕೇಳಿತು. ಮಾಸ್ತರರು ನಕ್ಕು ನಕ್ಕು ಕೆಮ್ಮು ಬಂದು, ಒಳಗಿಂದ ಮಗಳು ನೀರು ತಂದುಕೊಟ್ಟರು.

ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಈಗಿನ ಕೀಬೋರ್ಡುಗಳಂತೆ ಮಾಡಿದ್ದನ್ನು ಕೂಡಿಡುವ ಅನುಕೂಲ ಅದರಲ್ಲಿಲ್ಲ. ಒಂದು ನಾಬು ಸರಿಸಿದರೆ ಹಿಂದಿನ ಸಪ್ಪಳ ಹೋಯಿತು. ಮತ್ತೆ ಮೊದಲಿನಿಂದ ಕಟ್ಟಬೇಕು. ಸಾಲದ್ದಕ್ಕೆ ಬಿಸಿಲು ಏರಿದ ಹಾಗೆ ಅದರ ಶ್ರುತಿ ಜಾರುತ್ತಿತ್ತು. ಬೇಸಿಗೆಯ ಮಧ್ಯಾಹ್ನ ನರಗುಂದದ ಗುಡ್ಡ ಕಾದು ಕೋಣೆಯೊಳಗೆ ಉಸಿರು ಕಟ್ಟುವಾಗ ಮಾಸ್ತರರು ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದುದು ಯಂತ್ರಕ್ಕೆ, ನನಗಲ್ಲ.

ಒಂದೂವರೆ ಸುಗ್ಗಿ ಕಳೆದಿರಬೇಕು. ಮಾಸ್ತರರ ಬಲಗೈ ನಡುಗಲು ಶುರುವಾಗಿತ್ತು. ಸೂಕ್ಷ್ಮವಾಗಿ ತಿರುವಬೇಕಾದ ನಾಬುಗಳ ಮೇಲೆ ಅದು ನಿಲ್ಲುತ್ತಿರಲಿಲ್ಲ. ಒಂದು ರವಿವಾರ ಹೋದಾಗ ಯಂತ್ರವನ್ನು ಎರಡು ಕೌದಿಯಲ್ಲಿ ಸುತ್ತಿ ಹಗ್ಗ ಬಿಗಿದು ಇಟ್ಟಿದ್ದರು. ಒಯ್ಯಿ, ನನ್ನ ಕಡೆ ಕುಂತರ ಇದಕ್ಕ ಧೂಳ ಹಿಡಿತೈತಿ ಎಂದರು. ನಾನು ಬೇಡವೆಂದೆ, ಅವರು ಕೇಳಲಿಲ್ಲ. ಟೆಂಪೋದಲ್ಲಿ ಹಿಂದೆ ಅದನ್ನು ತೊಡೆಯ ಮೇಲೆ ಒರಗಿಸಿಕೊಂಡು ರೋಣದವರೆಗೆ ಕೂತು ಬಂದೆ. ಓಣಿಯವರು ನಮ್ಮ ಮನೆಗೆ ಯಾರೋ ಜಡ್ಡಾದವರನ್ನು ಕರೆತಂದಿದ್ದಾರೆಂದು ಬಾಗಿಲಿಗೆ ಬಂದು ನಿಂತಿದ್ದರು.

ನನ್ನ ಹೆಂಡತಿ ಬಂದು ಕೌದಿ ಬಿಚ್ಚಿ ನೋಡಿ, ಇದನ್ನು ಎಲ್ಲಿ ಇಡುವುದು ಎಂದಷ್ಟೇ ಕೇಳಿದಳು. ಜೋಳದ ಚೀಲ ಇಡುವ ಹಿಂದಿನ ಕೋಣೆಯಲ್ಲಿ ಜಾಗ ಮಾಡಿದೆವು. ಧೂಳು ಕೂರದಿರಲೆಂದು ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿದು ಒಂದು ಮುಸುಕು ಹೊಲಿದಳು. ಆಕೆ ಹೊಳೆದಂಡೆಯ ಹೊಳೆಆಲೂರಿನವಳು, ಮಾತು ಕಡಿಮೆ, ನಗು ಹೆಚ್ಚು. ನಾನು ರವಿವಾರಗಳನ್ನೆಲ್ಲ ನರಗುಂದದಲ್ಲಿ ಕಳೆದರೂ ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಈಗ ಸಪ್ಪಳ ಮನೆಗೇ ಬಂತು.

ನಮ್ಮಿಬ್ಬರ ನಡುವೆ ಒಂದು ಆಟ ಶುರುವಾಯಿತು. ಅಂಗಡಿಯಿಂದ ಬಂದು ಚಹಾ ಕುಡಿದು ನಾನು ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಏನಾದರೊಂದು ಸಪ್ಪಳ ಕಟ್ಟಿ, ಇದೇನು ಹೇಳು ಎಂದು ಕೂಗುತ್ತಿದ್ದೆ. ಅಡುಗೆಮನೆಯಿಂದ ಉತ್ತರ ಬರುತ್ತಿತ್ತು. ನಾನು ಮಾಡಿದ ಕೋಗಿಲೆ ಆಕೆಗೆ ಕುಕ್ಕರಿನ ಸೀಟಿ. ನಾನು ಮಾಡಿದ ಮಳೆ, ಯಾರೋ ಮಿರ್ಚಿ ಕರಿಯುತ್ತಿರುವುದು. ಒಮ್ಮೆ ಬಹಳ ಕಷ್ಟಪಟ್ಟು ಕಪ್ಪೆ ಮಾಡಿದರೆ, ಹೊರಗೆ ಯಾರೋ ಬೈಕ್ ಚಾಲೂ ಮಾಡುತ್ತಿದ್ದಾರೆ, ಪೆಟ್ರೋಲ್ ಮುಗಿದಿರಬೇಕು ನೋಡಿ ಬನ್ನಿ ಎಂದಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೊನೆಗೊಂದು ದಿನ ದೊಡ್ಡದೇನೋ ನಿಧಾನ ಗಾಳಿಯನ್ನು ಸೀಳುತ್ತಾ ಬಂದು ಹೋಗುವಂಥ, ಮತ್ತೆ ಬಂದು ಹೋಗುವಂಥ ಒಂದು ಸಪ್ಪಳ ಕಟ್ಟಿದೆ. ಆಕೆ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಗಜೇಂದ್ರಗಡದ ಗುಡ್ಡದ ಮ್ಯಾಲಿನ ಫ್ಯಾನ್ ಐತಲ್ರಿ ಇದು" ಎಂದಳು. ಆ ಗಾಳಿಯಂತ್ರಗಳ ಬುಡದಲ್ಲಿ ನಾವಿಬ್ಬರೂ ಒಮ್ಮೆ ಬುತ್ತಿ ಬಿಚ್ಚಿಕೊಂಡು ಉಂಡಿದ್ದೆವು. ನನಗೆ ಪಾಸಾದಷ್ಟು ಸಂತೋಷವಾಯಿತು. ಮಾಸ್ತರರಿಗೆ ಫೋನ್ ಮಾಡಿ ಹೇಳಿದೆ.

ಸುದ್ದಿ ಹಬ್ಬಿತೆಂದು ಕಾಣುತ್ತದೆ. ಜಕ್ಕಲಿಯ ಹವ್ಯಾಸಿ ನಾಟಕ ಮಂಡಳಿಯ ಹಿರಿಯರೊಬ್ಬರು ಅಂಗಡಿಗೆ ಬಂದರು. ಕಾಳು ತರುವ ರೈತರೇ, ನನಗೆ ಮೊದಲಿನಿಂದ ಗೊತ್ತು. ನಾಟಕ ಬರೆಯುತ್ತಾರೆ, ತಾವೇ ಕೂತು ಕಲಿಸುತ್ತಾರೆ. ಹೊಳೆದಂಡೆಯ ಊರಿನ ಕಥೆಯೊಂದನ್ನು ಬರೆದಿದ್ದೇನೆ, ನಡುವೆ ಹೊಳೆ ಬಂದು ಊರು ಮುಳುಗುವ ದೃಶ್ಯವಿದೆ, ನಿಮ್ಮ ಮಷೀನಿನಿಂದ ಹೊಳೆ ಬರಿಸಬೇಕು ಎಂದರು. ಫೋನಿನಲ್ಲಿ ಹುಡುಕಿದರೆ ಬೇಕಾದ ಸಪ್ಪಳ ಸಿಗುತ್ತವಲ್ಲ ಎಂದೆ. ಸಿಕ್ಕಾವು, ಆದರೆ ಅವು ಸಮುದ್ರದ ಹಾಗೆ ಕೇಳುತ್ತವೆ, ನಮ್ಮ ಮಂದಿಗೆ ಹೊಳೆ ಬೇಕು ಎಂದರು. ಅದು ನನಗೆ ಸಾಕಾಯಿತು.

ವಾರವಿಡೀ ಕೂತು ಹೊಳೆ ಕಟ್ಟಿದೆ. ಮಾಸ್ತರರ ಭರ್ರೋ ಸಪ್ಪಳವನ್ನೇ ಹಿಡಿದು, ಸಾಣಿಗೆ ಬಿಗಿಮಾಡಿ ತಳದಲ್ಲಿ ಉರುಳಿಸಿ, ಮೆಲ್ಲಮೆಲ್ಲಗೆ ತೆರೆದು, ಕೊನೆಗೆ ಗೋಡೆಗಳು ನಡುಗುವ ಹಾಗೆ ಮೊರೆಯಿಸಿದೆ. ಭಜನೆಯ ಮನೆಯಿಂದ ದೊಡ್ಡ ಸ್ಪೀಕರ್ ತಂದೆ. ಆ ಸಂಜೆ ನನಗೆ ಎಂಥ ಉಮೇದು ಅಂದರೆ, ಹೆಂಡತಿಗೆ ಅರ್ಧ ಉತ್ತರವನ್ನು ನಾನೇ ಕೊಟ್ಟುಬಿಟ್ಟೆ. "ಇದು ನಿನ್ನ ತವರುಮನೀದು, ಗುರುತ ಹಿಡಿ" ಎಂದು ಕೂಗಿ ಶುರುಮಾಡಿದೆ.

ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಸಪ್ಪಳ ನಿಲ್ಲಿಸಿ ಹೋಗಿ ನೋಡಿದರೆ, ಹಂಚಿನ ಮೇಲೆ ರೊಟ್ಟಿ ಅರ್ಧಕ್ಕೇ ಇತ್ತು, ಗ್ಯಾಸ್ ಆರಿಸಿದ್ದಳು. ಕಟ್ಟೆಗೆ ಆತು ನಿಂತಿದ್ದಳು.

"ಇದು ನಮ್ಮ ಹೊಳಿ ಅಲ್ಲರಿ" ಎಂದಳು. ಆಮೇಲೆ ಮತ್ತೆ ಗ್ಯಾಸ್ ಹಚ್ಚಿ ರೊಟ್ಟಿ ತಿರುವಿಹಾಕಿದಳು.

ನನಗೆ ಬೇಜಾರಾಯಿತು. ಕೋಗಿಲೆಯನ್ನು ಕುಕ್ಕರ್ ಅಂದಾಗ ಆಗದ ಬೇಜಾರು. ಮರುದಿನ ಮಾಸ್ತರರಿಗೆ ಫೋನ್ ಮಾಡಿ ದೂರಿದೆ. ಇಷ್ಟು ಚಲೋ ಬಂದದ್ದನ್ನು ಹೊಳೆ ಅಲ್ಲ ಅನ್ನುತ್ತಾಳೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ನಿನ್ನ ಹೆಂಡತಿ ಹೊಳೆ ಬಂದಾಗ ಅಲ್ಲಿದ್ದಳೇನು ಎಂದು ಕೇಳಿದರು. ಇದ್ದಳು ಎಂದೆ.

"ಹಂಗಾರ ಆಕಿ ಏನು ಕೇಳ್ಯಾಳ ಅಂತ ಕೇಳಿದೇನು?"

ಕೇಳಿರಲಿಲ್ಲ. ನಮ್ಮ ನಿಶ್ಚಯದ ಮಾತುಕತೆಯಲ್ಲಿ, ಅವರ ಹಳೇ ಮನೆ ಹೊಳೆಯಲ್ಲಿ ಹೋಗಿತ್ತು, ಈಗ ಎತ್ತರದಲ್ಲಿ ಕಟ್ಟಿಕೊಂಡಿದ್ದಾರೆ ಎಂದು ಯಾರೋ ಹಿರಿಯರು ಹೇಳಿದ್ದರು. ಅದನ್ನು ನಾನು ಆ ಊರಿನ ಒಂದು ಸುದ್ದಿಯ ಹಾಗೆ ತಿಳಿದುಕೊಂಡಿದ್ದೆ. ಅವಳೂ ಅದರ ಮಾತು ಎತ್ತಿದವಳಲ್ಲ.

ಸಂಜೆ ಪಡಸಾಲೆಯಲ್ಲಿ ಕೂತು ಮೆಂತ್ಯಪಲ್ಯ ಸೋಸುತ್ತಿದ್ದಳು. ನಾನೂ ಎದುರಿಗೆ ಕೂತು ಸೊಪ್ಪಿನ ಒಂದು ಸಿವುಡು ತೆಗೆದುಕೊಂಡೆ. ಹೊಳೆ ಬಂದಾಗ ಏನು ಕೇಳಿಸಿತ್ತು ಎಂದು ಕೇಳಿದೆ. ಆಕೆ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆ ಹೇಳುತ್ತಾ ಹೋದಳು.

ಆಗ ಆಕೆ ಶಾಲೆಯಲ್ಲಿ ಆರನೇ ಇಯತ್ತೆ. ಹಿಂದಿನ ದಿನದಿಂದಲೇ ಹೊಳೆ ಏರಿತ್ತು, ಇಳಿಯುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮುಂಜಾನೆ ಚಹಾ ಆದ ಮೇಲೆ ಬಚ್ಚಲ ಮೋರಿಯಲ್ಲಿ ಗುಳುಕ್ ಎಂದಿತು. ಹೆಗ್ಗಣ ಹೊಕ್ಕಿರಬೇಕೆಂದು ಅವರವ್ವ ಕೋಲು ಹಾಕಿ ತಿವಿದರು. ಮತ್ತೆ ಗುಳುಕ್. ಹೊರಗೆ ಹೋಗಬೇಕಾದ ನೀರು ಒಳಗೆ ಬರುತ್ತಿತ್ತು. ನೋಡುತ್ತಿದ್ದಂತೆ ಹೊಸ್ತಿಲ ಮೇಲಿಂದಲೂ ಬಂತು, ಎಣ್ಣೆ ಹರಿದಂತೆ, ಸದ್ದಿಲ್ಲದೆ. ಅಪ್ಪ ಎಮ್ಮೆಗಳನ್ನು ಬಿಚ್ಚಿಕೊಂಡು ಎತ್ತರದ ಕಡೆ ಹೊಡೆದುಕೊಂಡು ಹೋದರು. ಅವ್ವ ಸಣ್ಣ ತಮ್ಮನನ್ನು ಎತ್ತಿಕೊಂಡು, ಈಕೆಯನ್ನು ಪೇರಿಸಿಟ್ಟ ಜೋಳದ ಚೀಲಗಳ ಮೇಲೆ ಕೂರಿಸಿ, ಅಪ್ಪ ಈಗ ಬರುತ್ತಾರೆ, ಇಳಿಯಬೇಡ ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದರು. ಮನೆಯಲ್ಲಿ ಈಕೆ ಒಬ್ಬಳೇ. ಅಡುಗೆಮನೆಯಿಂದ ತಾಮ್ರದ ಕೊಡಗಳು ತೇಲಿಕೊಂಡು ಪಡಸಾಲೆಗೆ ಬಂದವು.

"ಒಂದಕ್ಕೊಂದು ಬಡಕೋತಿದ್ದುವು. ಅಷ್ಟರಿ. ಹೊರಗ ಯಾರರ ಒದರಿದ್ದು ಸುದ್ದಾ ನೆನಪಿಲ್ಲ. ಆ ಕೊಡದ ಸಪ್ಪಳ ಒಂದ ಇತ್ತು."

ಅಪ್ಪ ನಡುಮಟ್ಟ ನೀರಿನಲ್ಲಿ ಬಂದು ಹೆಗಲ ಮೇಲೆ ಕೂರಿಸಿಕೊಂಡು ಹೋದರು. ಊರಿನವರೆಲ್ಲ ರೈಲ್ವೆ ಸ್ಟೇಷನ್ನಿನಲ್ಲಿ ಇದ್ದರು, ಪ್ಲಾಟ್‌ಫಾರ್ಮಿನ ಮೇಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ನೀರಿಳಿದ ಮೇಲೆ ಹೋಗಿ ನೋಡಿದರೆ ಹಿತ್ತಲ ಗೋಡೆ ಬಿದ್ದಿತ್ತು, ಕೊಡಗಳು ಕೆಸರಿನಲ್ಲಿ ಹೂತಿದ್ದವು. ಇಷ್ಟು ಹೇಳಿ ಆಕೆ ಸೋಸಿದ ಪಲ್ಯವನ್ನು ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದಳು. ನನ್ನ ಕೈಯಲ್ಲಿ ಅದೇ ಸಿವುಡು ಹಾಗೇ ಇತ್ತು.

ಜಕ್ಕಲಿಯವರಿಗೆ ಮೊದಲು ಮಾಡಿದ ಮೊರೆತವನ್ನೇ ಕೊಟ್ಟುಬಿಡೋಣ, ಇವಳನ್ನು ಮತ್ತೆ ಇದಕ್ಕೆ ಎಳೆಯುವುದು ಬೇಡ ಎಂದು ನಾನು ತೀರ್ಮಾನಿಸಿದ್ದೆ. ಆದರೆ ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಮುಸುಕು ತೆಗೆದು ಮಡಚಿಟ್ಟಿದ್ದಳು.

"ಎಲ್ಲಿ, ಮೊದಲ ಮೋರಿ ಮಾಡ್ರಿ ನೋಡೂಣು" ಎಂದಳು.

ಮೋರಿ ಎರಡು ದಿನ ತಿಂದಿತು. ನಾನು ಸ್ವರವನ್ನು ಮೇಲಿಂದ ಕೆಳಗೆ ಜಾರಿಸಿದೆ. ಬಾವಿಗೆ ಯಾರೋ ಕಲ್ಲು ಒಗೆದಂತಾಯಿತು. ಬೇಸತ್ತು ನಾಬನ್ನು ಉಲ್ಟಾ ತಿರುವಿದೆ. ಸ್ವರ ಕೆಳಗಿಂದ ಮೇಲಕ್ಕೆ ಚಿಮ್ಮಿತು, ಗುಳ್ಳೆಯೊಂದು ಎದ್ದು ಒಡೆದಂತೆ ಗುಳುಕ್ ಎಂದಿತು. ಆಕೆ ನನ್ನ ತೋಳು ಹಿಡಿದುಕೊಂಡಳು. ಇನ್ನಷ್ಟು ದಪ್ಪ ಎಂದಳು. ದಪ್ಪ ಮಾಡಿದೆ. ನಡುವೆ ಬಿಡುವು ಜಾಸ್ತಿ ಇತ್ತು ಎಂದಳು, ಅದನ್ನೂ ಮಾಡಿದೆ. ನಾಬುಗಳ ಆ ಸ್ಥಾನಗಳು ಮರೆಯಬಾರದು, ಯಂತ್ರಕ್ಕಂತೂ ನೆನಪಿಲ್ಲ, ಏನು ಮಾಡುವುದು ಎಂದು ನಾನು ಗುರುತು ಹಾಕಲು ಸುಣ್ಣದ ಕಡ್ಡಿ ಹುಡುಕುತ್ತಿದ್ದರೆ, ಆಕೆ ಒಳಗೆ ಹೋಗಿ ಹಣೆಗೆ ಹಚ್ಚುವ ತನ್ನ ಟಿಕಳಿಯ ಚೀಟಿ ತಂದಳು. ಮೋರಿಗೆ ಕೆಂಪು ಟಿಕಳಿ, ಆಮೇಲೆ ಕೊಡಕ್ಕೆ ಹಸಿರು. ಒಂದೊಂದು ನಾಬು ಎಲ್ಲಿ ನಿಲ್ಲಬೇಕೋ ಅಲ್ಲಿ ಒಂದೊಂದು ಅಂಟಿಸಿದಳು. ಕರಿಯ ಹಲಗೆ ಮದುವಣಗಿತ್ತಿಯ ಹಾಗೆ ಕಾಣತೊಡಗಿತು.

ಕೊಡ ಮಾತ್ರ ಒಲಿಯಲಿಲ್ಲ. ಲೋಹದ ಸಪ್ಪಳ ಒಂದು ಸ್ವರದಿಂದ ಬರುವುದಿಲ್ಲ, ಒಂದಕ್ಕೊಂದು ಒಪ್ಪದ ಎರಡು ಸ್ವರಗಳನ್ನು ತಿಕ್ಕಾಡಿಸಬೇಕು ಎಂದು ಮಾಸ್ತರರು ಕಲಿಸಿದ್ದರು. ಎಷ್ಟು ತಿಕ್ಕಾಡಿಸಿದರೂ ನನ್ನ ಕೊಡ ಗುಡಿಯ ಗಂಟೆಯಾಗುತ್ತಿತ್ತು, ಇಲ್ಲವೇ ಶಾಲೆಯ ಗಂಟೆ. ಕೊನೆಗೆ ಮಾಸ್ತರರೇ ಮಗಳ ಕೈ ಹಿಡಿದುಕೊಂಡು ಬಸ್ಸಿನಲ್ಲಿ ರೋಣಕ್ಕೆ ಬಂದರು. ಯಂತ್ರದ ಮೇಲಿನ ಟಿಕಳಿಗಳನ್ನು ನೋಡಿ ಬಹಳ ಹೊತ್ತು ನಕ್ಕರು. ಆಮೇಲೆ ಜೋಳದ ಚೀಲದ ಮೇಲೆ ಕೂತು, ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು.

"ತಂಗಿ, ಆ ಕೊಡ ಖಾಲಿ ಇದ್ದುವೇನು, ಅರ್ಧ ತುಂಬಿದ್ದುವು?"

ಆಕೆ ಕಣ್ಣು ಮುಚ್ಚಿದಳು. ಇದನ್ನು ಯಾರೂ ಕೇಳಿರಲಿಲ್ಲ. ಅರ್ಧ ಇದ್ದವು ಎಂದಳು, ಹೊತ್ತಾರೆ ತಂದ ಕುಡಿಯುವ ನೀರು, ಅವ್ವ ಅಡುಗೆಗೆ ಅರ್ಧ ಬಳಸಿದ್ದಳು. ಮಾಸ್ತರರು ನನಗೆ, ಸ್ವರ ಕೆಳಗಿಳಿಸು, ಲಗೂ ಸಾಯಲಿ ಎಂದರು. ಇಳಿಸಿದೆ. ನೀರು ತುಂಬಿದ ಹೊಟ್ಟೆಯ, ಬಾಯಿ ಮುಚ್ಚಿಕೊಂಡಂಥ ಒಂದು ಟೊಣ್ ಬಂತು. ಆಕೆ ಕಣ್ಣು ತೆರೆಯಲಿಲ್ಲ, ಇದೇ ಎಂದು ತಲೆಯಾಡಿಸಿದಳು. ಕಣ್ಣೀರು ಇಳಿಯುತ್ತಿತ್ತು. ಮಾಸ್ತರರ ಮಗಳು ಆಕೆಯ ಬೆನ್ನ ಮೇಲೆ ಕೈಯಿಟ್ಟು ಕೂತರು. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಎದ್ದು ಮುಖ ತೊಳೆದುಕೊಂಡು ಬಂದು, ಎಲ್ಲರಿಗೂ ಅವಲಕ್ಕಿ ಹಚ್ಚಿದಳು.

ಇನ್ನು ಉಳಿದದ್ದು ಕೊಡಗಳು ಯಾವಾಗ ಯಾವಾಗ ತಾಗಬೇಕು ಎನ್ನುವುದು. ಯಂತ್ರವೇ ತಾನಾಗಿ ಬಾರಿಸುವ ಏರ್ಪಾಟು ಅದರಲ್ಲಿತ್ತು. ಅದನ್ನು ಹಚ್ಚಿದೆ. ಇದು ಗಡಿಯಾರ ಆಯಿತು ಎಂದಳು. ನಾನೇ ಪಟ್ಟಿ ಒತ್ತಿದೆ, ಭಜನೆಯ ಕೈ, ಎಷ್ಟು ತಪ್ಪಿಸಿದರೂ ತಾಳಕ್ಕೇ ಹೋಗುತ್ತಿತ್ತು. ಸರಿಯಿರಿ ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ತಾನು ಕೂತಳು. ಪೇಟಿಯನ್ನು ಒಮ್ಮೆಯೂ ಮುಟ್ಟದವಳು ಒಂದು ಬೆರಳಿನಿಂದ ಒತ್ತಿದಳು. ಟೊಣ್. ಕಾದಳು. ನನಗೆ ಇನ್ನು ಬರುವುದಿಲ್ಲ ಅನ್ನಿಸಿದಾಗ ಮತ್ತೊಂದು ಬಂತು, ಅದರ ಬೆನ್ನಿಗೇ ಇನ್ನೊಂದು ಸಣ್ಣದು.

ಜಕ್ಕಲಿಯ ತಾಲೀಮಿಗೆ ಇಬ್ಬರೂ ಹೋದೆವು. ಮಂಡಳಿಯ ಹಿರಿಯರು ಕೇಳಿ ಪೇಚಿಗೆ ಸಿಕ್ಕರು. ಮರ್ಯಾದೆಯಿಂದಲೇ, ಸಾವ್ಕಾರ್ರ, ಹಿಂದೆ ಕೂತವರಿಗೆ ಹೊಳೆ ಬಂದದ್ದು ಹೇಗೆ ಗೊತ್ತಾಗಬೇಕು, ಸ್ವಲ್ಪ ಭೋರ್ಗರೆತ ಬೇಡವೇ ಎಂದರು. ನಾನು ಏನೋ ವಾದ ಹೂಡಿದೆ. ಒಂದು ಪ್ರಯೋಗಕ್ಕೆ ಹೀಗೇ ಇರಲಿ, ಮಂದಿ ಒಪ್ಪದಿದ್ದರೆ ಬದಲಿಸೋಣ ಎಂದು ಅವರು ದೊಡ್ಡ ಮನಸ್ಸು ಮಾಡಿದರು.

ಪ್ರಯೋಗ ಇದ್ದದ್ದು ಗಜೇಂದ್ರಗಡದಲ್ಲಿ, ಗುಡ್ಡದ ಕೆಳಗಿನ ಒಂದು ಬಯಲಿನಲ್ಲಿ. ಸಂಜೆಯಾಗುತ್ತಲೇ ಆಟ. ಮುಂದೆ ಜಮಖಾನೆಯ ಮೇಲೆ ಹೆಣ್ಣುಮಕ್ಕಳು, ಹಿಂದೆ ಕುರ್ಚಿ, ಅದರ ಹಿಂದೆ ಬೈಕುಗಳ ಮೇಲೆ ಕೂತವರು. ನಾವಿಬ್ಬರೂ ರಂಗದ ಬದಿಯ ಪರದೆಯ ಮರೆಯಲ್ಲಿ ಯಂತ್ರ ಇಟ್ಟುಕೊಂಡು ಕೂತಿದ್ದೆವು. ಮಾಸ್ತರರಿಗೆ ಬರುವಷ್ಟು ತ್ರಾಣವಿರಲಿಲ್ಲ. ಗುಡ್ಡದ ಗಾಳಿ ತಣ್ಣಗೆ ಬೀಸಲು ಶುರುವಾಯಿತು, ಶ್ರುತಿ ಜಾರೀತೆಂದು ನನಗೆ ಭಯವೂ ಶುರುವಾಯಿತು. ಹೊಳೆಯ ದೃಶ್ಯಕ್ಕೆ ಸ್ವಲ್ಪ ಮೊದಲು ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ನೋಡಿದರೆ, ಟಿಕಳಿಗೆ ಸರಿಯಾಗಿ ನಾಬು ನಿಂತಿದ್ದರೂ ಕೊಡದ ಸ್ವರ ಜಾರಿತ್ತು. ಖಾಲಿ ಕೊಡವಾಗಿತ್ತು. ನಾನು ಗಾಬರಿಯಲ್ಲಿ ಒಂದನ್ನು ತಿರುವಿದೆ, ಇನ್ನಷ್ಟು ಕೆಟ್ಟಿತು. ಆಕೆ ನನ್ನ ಕೈಯನ್ನು ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲಿಟ್ಟಳು. ಕಿವಿಗೆ ತಾನು ಹಾಕಿಕೊಂಡು, ಟಿಕಳಿಯನ್ನು ನೋಡದೆ, ಸ್ವಲ್ಪ ಸ್ವಲ್ಪವೇ ತಿರುವಿ ನಿಲ್ಲಿಸಿದಳು. ಹಸಿರು ಟಿಕಳಿಯನ್ನು ಕಿತ್ತು ಆ ಹೊಸ ಜಾಗಕ್ಕೆ ಅಂಟಿಸಿದಳು, ನಾನು ನಾಬುಗಳನ್ನು ಮೋರಿಯ ಕೆಂಪಿಗೆ ತಂದೆ.

ರಂಗದ ಮೇಲೆ ತಾಯಿ ಪಾತ್ರದವಳು ರೊಟ್ಟಿ ತಟ್ಟುತ್ತಿದ್ದಳು. ನಾನು ಮೋರಿಯ ಸಪ್ಪಳ ಕೊಟ್ಟೆ. ಗುಳುಕ್. ಯಾರಿಗೂ ಅದು ತಟ್ಟಲಿಲ್ಲ, ಕುರ್ಚಿಯ ಕಡೆ ಯಾರೋ ಶೇಂಗಾ ಸುಲಿಯುತ್ತಾ ಮಾತಾಡುತ್ತಿದ್ದರು. ಮತ್ತೆ ಗುಳುಕ್. ಪಾತ್ರದವಳು ಬಚ್ಚಲ ಕಡೆ ತಿರುಗಿದಳು. ನಾನು ನಾಬುಗಳನ್ನು ಹಸಿರಿಗೆ ತಂದೆ. ಬಳಿಕ ಬಹಳ ಹೊತ್ತು ಏನೂ ಇಲ್ಲ. ಬೈಕಿನವರಲ್ಲೊಬ್ಬ, ಮೈಕ್ ಬಂದ್ ಆಗೇತ್ರಿ ಎಂದು ಒದರಿದ, ಮಂದಿ ನಕ್ಕರು. ಒತ್ತು ಎಂದು ನಾನು ಸನ್ನೆ ಮಾಡಿದೆ. ಆಕೆ ಮಾತ್ರ ಅವಸರ ಮಾಡಲಿಲ್ಲ. ನಗು ಪೂರ್ತಿ ಅಡಗಲಿ ಎಂದು ಕಾದು, ಮೊದಲ ಕೊಡ ತಾಗಿಸಿದಳು.

ಪರದೆಯ ಸಂದಿನಿಂದ ನನಗೆ ಜಮಖಾನೆಯ ಮುಂದಿನ ಸಾಲು ಕಾಣುತ್ತಿತ್ತು. ಎರಡನೆಯದು, ಮೂರನೆಯದು ತಾಗಿದಾಗ ಅಲ್ಲಿ ಮಾತು ನಿಂತಿತು. ಒಬ್ಬ ಮುದುಕಿ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿಕೊಂಡು ಪಾದಗಳನ್ನು ಒಳಗೆ ಎಳೆದುಕೊಂಡಳು. ಪಕ್ಕದವಳು ಕೂಸನ್ನು ನೆಲದಿಂದ ಎತ್ತಿ ತೊಡೆಗೆ ಹಾಕಿಕೊಂಡಳು. ಹಿಂದಿನ ಸಾಲುಗಳಲ್ಲೂ ಒಬ್ಬೊಬ್ಬರಾಗಿ ಕಾಲು ಮಡಚಿಕೊಂಡರು. ಹೆಂಡತಿಯ ಮುಖ ನೋಡಿದೆ. ಅವಳು ಯಾರನ್ನೂ ನೋಡುತ್ತಿರಲಿಲ್ಲ, ಬೆರಳನ್ನು ಪಟ್ಟಿಯ ಮೇಲಿಟ್ಟು ಮುಂದಿನದಕ್ಕೆ ಕಾಯುತ್ತಿದ್ದಳು.

ಆಟ ಮುಗಿದ ಮೇಲೆ ಮಂಡಳಿಯ ಹಿರಿಯರು ಬಂದು ಆಕೆಗೆ ಕೈ ಮುಗಿದು, "ಇನ್ನ ಎಲ್ಲಾ ಆಟಕ್ಕೂ ನೀವ ಬರಬೇಕ್ರಿ ಅಕ್ಕಾರ" ಎಂದರು. ನನಗೆ ಹಾಗೇನೂ ಹೇಳಲಿಲ್ಲ. ಅದು ನನಗೆ ಹೆಮ್ಮೆಯೆನಿಸಿತು.

ಈಗ ರವಿವಾರಗಳಂದು ನರಗುಂದಕ್ಕೆ ಇಬ್ಬರೂ ಹೋಗುತ್ತೇವೆ. ಯಂತ್ರವಿಲ್ಲದಿದ್ದರೂ ಪಾಠ ನಿಂತಿಲ್ಲ. ಮಾಸ್ತರರು ಓಣಿಯ ಸಪ್ಪಳ ಹಿಡಿದು ಇದನ್ನು ಹೇಗೆ ಕಟ್ಟುತ್ತೀ ಎಂದು ಕೇಳುತ್ತಾರೆ. ಆಕೆ ನನಗಿಂತ ಮೊದಲು ಹೇಳುತ್ತಾಳೆ. ಕೈ ನಡುಗುವಾಗ ಮಾಸ್ತರರ ಚಹಾದ ಬಸಿಯನ್ನು ಹಿಡಿದುಕೊಳ್ಳುವವಳೂ ಅವಳೇ.

ಮೊನ್ನೆ ತವರಿಗೆ ಫೋನ್ ಮಾಡಿ ಅವರವ್ವನಿಗೆ ಕೊಡದ ಸಪ್ಪಳ ಕೇಳಿಸಿದಳು. ಆ ಮುಂಜಾನೆಯ ಬಗ್ಗೆ ತಾಯಿಮಗಳು ಕೂತು ಮಾತಾಡಿದ್ದು ಅದೇ ಮೊದಲಂತೆ. ಮಾತು ಎಷ್ಟು ಹೊತ್ತಾದರೂ ಮುಗಿಯಲಿಲ್ಲ, ನಡುನಡುವೆ ಇಬ್ಬರೂ ನಕ್ಕರು, ಜಗಳವನ್ನೂ ಆಡಿದರು. ಫೋನ್ ಇಟ್ಟು ನನ್ನ ಕಡೆ ಬಂದಳು.

"ಅವ್ವ ಕೊಡದ ನೆನಪ ಇಲ್ಲ ಅಂತಾಳ್ರಿ. ಬಾಜೂಮನಿ ಕೋಳಿ ಮಾಳಿಗಿ ಮ್ಯಾಲ ಕುಂತು ಒಂದ ಸವನ ಒದರತಿತ್ತಂತ. ಆಕಿಗೆ ಹೊಳಿ ಅಂದ್ರ ಅದ" ಎಂದಳು. ಆಮೇಲೆ, ಕೋಳಿ ಮಾಡಲು ಬರುತ್ತದೆಯೇ ಎಂದು ಕೇಳಿದಳು.

ನೀಲಿ ಟಿಕಳಿ ತಂದಿಟ್ಟುಕೊಂಡು ವಾರದಿಂದ ಕೂತಿದ್ದೇವೆ. ಸದ್ಯಕ್ಕೆ ಅದು ಎಣ್ಣೆ ಕಾಣದ ಬಾಗಿಲಿನ ಹಾಗೆ ಕೇಳುತ್ತಿದೆ. ಅತ್ತೆ ಮುಂದಿನ ತಿಂಗಳು ರೋಣಕ್ಕೆ ಬರುವವರಿದ್ದಾರೆ. ಬಂದು ಕೂತು ಹೇಳುತ್ತೇನೆ, ಅಲ್ಲಿಯವರೆಗೆ ನೀವಿಬ್ಬರೂ ಸುಮ್ಮನೆ ಏನೇನೋ ಮಾಡಬೇಡಿ ಎಂದಿದ್ದಾರೆ.